ಬೀಜಕ್ಕೊಂದು ಬಾಣಂತನ

ಚಿಂತೆ ಮಾಡಲು ಕಾರಣ ಬೇಕೆನ್ನುವವರು ಆ ವಿದ್ಯೆಯಲ್ಲಿ ಇನ್ನೂ ಅ ಆ ಇ ಈ ತಿದ್ದುತ್ತಿರುವವರು. ನನ್ನಂಥ ಪಳಗಿದವರಿಗೆ ಚಿಂತೆ ಮೊದಲು ಬರುತ್ತದೆ, ಕಾರಣವನ್ನು ಆಮೇಲೆ ನಿಧಾನವಾಗಿ ಹುಡುಕಿಕೊಳ್ಳುತ್ತೇವೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಆಫೀಸಿನ ಅರ್ಧ ದಾರಿಯಿಂದ ವಾಪಸು ಬಂದವಳು ನಾನು. ಬಂದು, ಆರಿಸಿದ್ದೇನೆಂದು ಖಾತ್ರಿ ಮಾಡಿಕೊಂಡು, ಆ ಸಮಾಧಾನದಲ್ಲಿ ಬಾಗಿಲಿಗೆ ಬೀಗ ಹಾಕದೆ ಹೋದವಳೂ ನಾನೇ. ಈ ನನ್ನ ಅಭ್ಯಾಸದಿಂದ ಇನ್ನೊಬ್ಬರಿಗೆ ನಷ್ಟವೇನೂ ಇಲ್ಲ ಎಂದು ಬಹಳ ಕಾಲ ನಂಬಿದ್ದೆ. ನಷ್ಟ ಆದದ್ದು ಗಿರಿಜಳಿಗೆ. ಅವಳಿಗಿಂತ ಹೆಚ್ಚಾಗಿ ನನಗೆ.

ಗಿರಿಜ ಹಾಸನದಲ್ಲಿ ನನ್ನ ಜೊತೆ ಬಿಎಸ್ಸಿ ಓದಿದವಳು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಅವಳು ಹಳೇಬೀಡಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರಾದಳು, ನಾನು ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತೆಯಾದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು. ಇಬ್ಬರೂ ಅಡುಗೆಮನೆಯಲ್ಲಿ, ಇಬ್ಬರ ಕುಕ್ಕರೂ ಒಲೆಯ ಮೇಲೆ. ನನಗೆ ಮಾತಿನಲ್ಲಿ ಕೂಗು ಎಣಿಸುವುದು ಮರೆತುಹೋಗುತ್ತಿತ್ತು. ಮೂವತ್ತು ಮೈಲಿ ಆಚೆಯಿಂದ ಅವಳೇ ಎಣಿಸಿ, "ನಿಂದು ಮೂರಾಯ್ತು ಕಣೇ, ಆರಿಸು" ಎನ್ನುತ್ತಿದ್ದಳು. ಮಾತು ನಿಂತ ಮೇಲೆ ನಮ್ಮ ಮನೆಯ ಬೇಳೆ ಒಂದು ಭಾನುವಾರವೂ ಸರಿಯಾಗಿ ಬೆಂದಿಲ್ಲ.

ಮಾತು ನಿಂತದ್ದು ಹೀಗೆ. ಗಿರಿಜಳ ತಾಯಿ ತೀರಿಕೊಂಡ ವರ್ಷ, ಅವರು ನೆಟ್ಟಿದ್ದ ಸಂಪಿಗೆ ಮರದ ಬುಡದಲ್ಲಿ ಎದ್ದ ಸಸಿಯೊಂದನ್ನು ಅವಳು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ನಮ್ಮ ಮನೆಯ ಮುಂದೆ ತಾನೇ ನೆಟ್ಟು ಹೋದಳು. ಅವಳು ಬಸ್ಸು ಹತ್ತಿದ್ದೇ ತಡ, ನನಗೆ ಶುರುವಾಯಿತು. ಸಂಪಿಗೆಯ ಬೇರು ನೀರಿನ ಸಂಪಿಗೆ ನುಗ್ಗುತ್ತದೆಯಂತೆ, ಗೋಡೆ ಬಿರುಕು ಬಿಡುತ್ತದೆಯಂತೆ, ವಾಸನೆಗೆ ಹಾವು ಬರುತ್ತದೆಯಂತೆ. ಎಲ್ಲಾ 'ಅಂತೆ'ಗಳೂ ಸೇರಿ ಎರಡು ತಿಂಗಳು ನಿದ್ದೆ ಕೆಡಿಸಿದ ಮೇಲೆ, ಸಸಿಯನ್ನು ಬುಡಸಮೇತ ಕಿತ್ತು, ಆಟೋದಲ್ಲಿ ಮಾಲೇಕಲ್ಲಿಗೆ ಒಯ್ದು, ದೇವಸ್ಥಾನದ ಬೆಟ್ಟದ ಕೆಳಗೆ ತೋಟ ಮಾಡಿಕೊಂಡವರೊಬ್ಬರಿಗೆ ಕೊಟ್ಟುಬಂದೆ. ಮುಂದಿನ ಸಲ ಬಂದ ಗಿರಿಜ ಚಪ್ಪಲಿ ಬಿಡುವ ಮೊದಲೇ ಆ ಜಾಗ ನೋಡಿದಳು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು.

"ದೇವರ ಸನ್ನಿಧೀಲಿ ಇದೆ ಗಿರಿಜಾ, ಚೆನ್ನಾಗಿ ನೋಡ್ಕೋತಾರೆ" ಅಂದೆ.

"ದೇವರಿಗೆ ಕೊಡೋದಾಗಿದ್ರೆ ನಾನೇ ಕೊಡ್ತಿದ್ದೆ" ಎಂದಳು. ಕಾಫಿ ಕುಡಿಯದೆ ಹೋದಳು. ಮೂರು ವರ್ಷವಾಯಿತು.

ಕಳೆದ ಮಾಗಿಯಲ್ಲಿ ಒಂದು ದಿನ ಏಲಕ್ಕಿ ಹುಡುಕುತ್ತಿದ್ದವಳಿಗೆ ಸ್ಟೀಲ್ ಡಬ್ಬಿಯ ತಳದಲ್ಲಿ ಒಂದು ಲಕೋಟೆ ಸಿಕ್ಕಿತು. ಜಗಳಕ್ಕೂ ಮೊದಲು ಅವಳು ಯಾವುದೋ ಸಭೆಯಿಂದ ತಂದುಕೊಟ್ಟಿದ್ದು. ಮೇಲೆ ಅವಳದೇ ದುಂಡು ಅಕ್ಷರ: "ಗಸಗಸೆ ಕುಟುಂಬ. ಅಂಗೈಯಗಲದ ಬಿಳಿ ಹೂವು, ನಡುವೆ ಹಳದಿ. ಮಹಾ ಹಠಮಾರಿ. ಹೊಗೆ ತೋರಿಸದೆ ಏಳುವುದಿಲ್ಲ. ನಿನ್ನ ಕೈಲಾಗುತ್ತಾ ನೋಡು." ಕೊಡುವಾಗ ಬಿಡಿಸಿ ಹೇಳಿದ್ದೂ ನೆನಪಾಯಿತು. ಆ ಗಿಡದ ಊರಿನ ಗುಡ್ಡಗಳಿಗೆ ಆಗಾಗ ಬೆಂಕಿ ಬೀಳುತ್ತದೆ. ಮಣ್ಣಲ್ಲಿ ವರ್ಷಗಟ್ಟಲೆ ಮಲಗಿದ ಬೀಜಕ್ಕೆ ಹೊಗೆ ತಾಗಿದರೆ, ಮೇಲೆ ಜಾಗ ಖಾಲಿಯಾಗಿದೆ, ಇನ್ನು ಏಳಬಹುದು ಎಂದು ತಿಳಿಯುತ್ತದೆ. ಲಕೋಟೆ ಹಿಡಿದುಕೊಂಡು ಅಡುಗೆಮನೆಯಲ್ಲೇ ನಿಂತೆ. ಒಂದು, ಒಂದೇ ಒಂದು ಮೊಳೆತರೆ ಗಿರಿಜಳಿಗೆ ಫೋನು ಮಾಡುವುದು ಎಂದು ತೀರ್ಮಾನಿಸಿದೆ. ತಪ್ಪಾಯ್ತು ಎನ್ನಲು ಬಾಯಿ ಬಾರದವರಿಗೆ ಹೇಳಲು ಏನಾದರೊಂದು ಸುದ್ದಿ ಬೇಕಾಗುತ್ತದೆ.

ಮಾರನೆಯ ದಿನವೇ ಹೊಸ ಚಿಂತೆ ಹತ್ತಿತು. ಗಸಗಸೆ ಕುಟುಂಬ ಅಂದರೆ ಅಫೀಮಿನ ನೆಂಟರಲ್ಲವೇ? ಪೊಲೀಸರು ಬಂದರೆ? ರೈಲ್ವೆಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತದೆ, "ನಿನ್ನ ಹಿಡ್ಕೊಂಡು ಹೋಗ್ಬೇಕಾದ್ರೆ ಮೊದಲು ಅದು ಮೊಳೀಬೇಕಲ್ಲ" ಎಂದರು.

ಹೊಗೆ ಎಂದರೆ ನಮ್ಮ ಕಡೆ ಸಾಂಬ್ರಾಣಿ. ಎಣ್ಣೆನೀರು ಆದ ಮೇಲೆ ಬಾಣಂತಿಗೂ ಕೂಸಿಗೂ ಹಾಕುವ ಹೊಗೆ. ಬೇರೆ ಹೊಗೆ ಉಂಟೆಂದು ನನಗೆ ಹೊಳೆಯಲೇ ಇಲ್ಲ, ಬಿಎಸ್ಸಿ ಓದಿದ್ದೂ ನೆರವಿಗೆ ಬರಲಿಲ್ಲ. ಅಟ್ಟದಿಂದ ಬೆತ್ತದ ಬುಟ್ಟಿ ಇಳಿಸಿ ಹಿತ್ತಿಲಲ್ಲಿ ಬೋರಲು ಹಾಕಿದೆ. ಕೆಳಗೆ ಕೆಂಡ, ಕೆಂಡಕ್ಕೆ ಸಾಂಬ್ರಾಣಿ, ಬುಟ್ಟಿಯ ಮೇಲೆ ತೆಳ್ಳನೆ ಪಂಚೆ, ಪಂಚೆಯ ಮೇಲೆ ಅರ್ಧದಷ್ಟು ಬೀಜ. ಎಣ್ಣೆನೀರು ಒಂದು ಹಾಕಲಿಲ್ಲ. ಹೊಗೆ ಕಾಂಪೌಂಡು ದಾಟಿತು. ಪಕ್ಕದಲ್ಲಿ ಹಸು ಕಟ್ಟಿಕೊಂಡಿರುವ ಪುಟ್ಟಮ್ಮನ ತಲೆ ಗೋಡೆಯ ಮೇಲೆ ಕಾಣಿಸಿತು.

"ಏನ್ರವ್ವಾ, ಘಮ ಅಂತೈತೆ! ಬಾಣಂತಿ ಯಾವಾಗ್ ಬಂದ್ಲು? ಒಂದ್ ಮಾತು ಹೇಳ್ಬಾರ್ದಾ?"

"ಬಾಣಂತಿ ಅಲ್ಲ ಪುಟ್ಟಮ್ಮ. ಬೀಜ."

ಪುಟ್ಟಮ್ಮ ಬುಟ್ಟಿಯನ್ನೂ ನನ್ನನ್ನೂ ನೋಡಿದಳು. "ನಿಮ್ಮನೆ ಆಯಪ್ಪಂಗೆ ಗೊತ್ತಾ?" ಎಂದಳು.

ಗೋಡೆ ಸುತ್ತಿ ಬಂದು ಪಂಚೆ ಮುಟ್ಟಿ ನೋಡಿದವಳೂ ಅವಳೇ. ಸಾಂಬ್ರಾಣಿಯ ಜಿಡ್ಡಿಗೆ ಬೀಜವೆಲ್ಲ ಬಟ್ಟೆಗೆ ಅಂಟಿಕೊಂಡು ಕೂತಿತ್ತು. "ಅಯ್ಯೋ, ಇದು ದೇವ್ರಿಗೆ ಹಾಕೋ ಹೊಗೆ ಕಣ್ರವ್ವಾ. ಕಾಡಿಗೆ ಬೆಂಕಿ ಬಿದ್ರೆ ಅಲ್ಲಿ ಸಾಂಬ್ರಾಣಿ ಉರೀತದಾ? ತರಗು ಉರೀತದೆ. ತರಗು ಹಾಕಿ" ಎಂದಳು. ಸಸ್ಯಶಾಸ್ತ್ರ ಓದದ ಹೆಂಗಸು.

ಉಳಿದರ್ಧ ಬೀಜವನ್ನು ಮರಳು ಬೆರೆಸಿದ ಹಿತ್ತಿಲ ಮಣ್ಣಿನ ಕುಂಡದಲ್ಲಿ ಬಿತ್ತಿ, ಮೇಲೆ ಒಣ ತರಗು, ತೆಂಗಿನ ನಾರು ಹರಡಿ ಬೆಂಕಿ ಕೊಟ್ಟೆ. ಹೊಗೆ ಏಳುತ್ತಿದ್ದಂತೆ ಹಳೆಯ ಬಾಂಡ್ಲಿ ಮುಚ್ಚಿದೆ. ಹಗ್ಗದ ಮೇಲೆ ಒಣಗುತ್ತಿದ್ದ ನಮ್ಮವರ ಯೂನಿಫಾರ್ಮು ನೆನಪಾದದ್ದು ಎಲ್ಲ ಮುಗಿದ ಮೇಲೆ. "ಕಲ್ಲಿದ್ದಲು ಇಂಜಿನ್ ವಾಪಸ್ ಬಂತಾ ಅಂತ ಸ್ಟೇಷನ್ನಲ್ಲಿ ಕೇಳಿದ್ರು" ಎಂದು ಮಾರನೆಯ ಸಂಜೆ ನಮ್ಮವರು ವರದಿ ಒಪ್ಪಿಸಿದರು. ಜೊತೆಗೆ, "ಈ ಗಸಗಸೆ ಕುಟುಂಬದ್ದೇ ಅಲ್ವಾ ಹಳಿ ಪಕ್ಕದ ಆ ಹಳದಿ ಹೂವಿನ ಮುಳ್ಳುಗಿಡ? ಅದಕ್ಕೆ ಯಾರು ಹೊಗೆ ಹಾಕ್ತಾರೆ?" ಎಂದರು. ಕರೆಯದೆ ಬರುವ ನೆಂಟರ ವಿಷಯವೇ ಬೇರೆ. ನನಗೆ ಬೇಕಿದ್ದದ್ದು ಮುನಿಸಿಕೊಂಡು ಕೂತ ಒಂದು.

ಹತ್ತು ದಿನ, ಇಪ್ಪತ್ತು ದಿನ, ನಲವತ್ತು ದಿನ. ಹಲ್ಲುಜ್ಜುವ ಮೊದಲು ಕುಂಡ, ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲು ಕುಂಡ. ನೀರು ಹೆಚ್ಚಾಯಿತೇನೋ ಎಂದು ಬಿಸಿಲಿಗಿಟ್ಟೆ, ಬಿಸಿಲು ಹೆಚ್ಚಾಯಿತೇನೋ ಎಂದು ನೆರಳಿಗೆಳೆದೆ. ಬರಿ ಬೂದಿ. ಅದನ್ನು ನೋಡುತ್ತಾ ಕೂತಾಗ ಅನಿಸುತ್ತಿತ್ತು: ಹಳೇಬೀಡಿನಲ್ಲಿ ಅವಳೂ ಭಾನುವಾರ ಹತ್ತು ಗಂಟೆಗೆ ಒಮ್ಮೆ ಫೋನಿನ ಕಡೆ ನೋಡುತ್ತಾಳೆಯೇ? ಕುಕ್ಕರ್ ಕೂಗಿದಾಗ ಎಣಿಸುವಾಗ ಒಂದು ಹೆಚ್ಚಿಗೆ ಎಣಿಸಿಬಿಡುತ್ತಾಳೆಯೇ?

"ಮೊಳೀದೇ ಇದ್ರೆ ಫೋನ್ ಮಾಡ್ಬಾರ್ದು ಅಂತ ಕಾನೂನಿದೆಯಾ?" ಎಂದು ಒಂದು ಬುಧವಾರ ನಮ್ಮವರು ಕೇಳಿದರು. ಇರಲಿಲ್ಲ. ಮಾಡಿದೆ.

"ಹಲೋ, ಹೇಳಿ" ಎಂದಳು.

ಹೇಳಿ! ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂದವಳು ನನಗೆ ಬಹುವಚನ ಹಾಕಿದಳು. ಅಭ್ಯಾಸ ಮಾಡಿಟ್ಟುಕೊಂಡಿದ್ದ ಮಾತೆಲ್ಲ ಹಾರಿಹೋಗಿ, "ನೀನು ಕೊಟ್ಟ ಬೀಜ ಮೊಳೆತಿದೆ ಗಿರಿಜಾ" ಎಂದುಬಿಟ್ಟೆ.

"ಸುಳ್ಳು."

"ನಿಜ."

"ಹೊಗೆ ಹಾಕಿದ್ಯಾ?"

"ಎರಡು ಸಲ."

"ಭಾನುವಾರ ಬರ್ತೀನಿ. ನೋಡ್ಬೇಕು" ಎಂದು ಇಟ್ಟಳು.

ಮೂರು ವರ್ಷದ ಹಂಬಲ ಈಡೇರಿದ್ದಕ್ಕೆ ಸಂತೋಷಪಡಬೇಕಾದ ಹೊತ್ತಿನಲ್ಲಿ ನಾನು ಹಿತ್ತಿಲಿಗೆ ಓಡಿ ಮತ್ತೊಮ್ಮೆ ಕುಂಡ ನೋಡಿದೆ. ಒಂದು ಸಲ ಅವಳ ಸಸಿ ಕಿತ್ತೆ, ಈಗ ಇಲ್ಲದ ಸಸಿ ತೋರಿಸಲು ಕರೆದೆ. ಈ ಸಲ ಹೋದರೆ ಅವಳು ಮತ್ತೆ ಬರುವವಳಲ್ಲ. ಶುಕ್ರವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಬೂದಿಯ ನಡುವೆ ಒಂದು ಮೊಳಕೆ! ಪುಟ್ಟ ಎರಡು ಎಲೆ, ಕೆಂಪು ದಂಟು. ಕೂಗಿ ಕರೆದೆ. ನಮ್ಮವರು ಬಗ್ಗಿ ನೋಡಿ, "ಇದು ಹರಿವೆ ಸೊಪ್ಪು ಕಣೇ. ಹಿತ್ತಿಲ ಮಣ್ಣಲ್ಲೇ ಇತ್ತು" ಎಂದರು. ಹರಿವೆಯೆಂದು ನನಗೂ ಗೊತ್ತಿತ್ತು. ಹುಟ್ಟಿದಾಗಿನಿಂದ ಸೋಸಿದ ಸೊಪ್ಪು. "ಸುಮ್ನಿರ್ರೀ" ಎಂದೆ.

ಭಾನುವಾರ ಜಾವಗಲ್ಲಿನ ಮೇಲೆ ಬರುವ ಬಸ್ಸಿನಲ್ಲಿ ಗಿರಿಜ ಬಂದಳು. ಕೂದಲು ಬೆಳ್ಳಗಾಗಿತ್ತು, ಬಣ್ಣ ಹಾಕುವುದನ್ನು ಬಿಟ್ಟಿದ್ದಳು; ಅದೂ ನನಗೆ ತಿಳಿಯದೆ ನಡೆದುಹೋಗಿತ್ತು. ನೇರ ಹಿತ್ತಿಲಿಗೆ ನಡೆದು, ಕನ್ನಡಕ ಹಾಕಿಕೊಂಡು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮೂವತ್ತು ವರ್ಷ ಮಕ್ಕಳಿಗೆ ಎಲೆ ನೋಡಿ ಗಿಡ ಗುರುತಿಸಲು ಕಲಿಸಿದವಳು. ನಮ್ಮವರು ಮೆಲ್ಲಗೆ ಒಳಗೆ ಹೋದರು.

"ಚೆನ್ನಾಗಿ ಬಂದಿದೆ ಕಣೇ" ಎಂದಳು.

ಕಣೇ ಎಂದಳು! ಆದರೆ ನನ್ನ ಸ್ವಭಾವ ಸುಮ್ಮನಿರುತ್ತದೆಯೇ? ಇವಳ ಕಣ್ಣಿಗೆ ಪೊರೆ ಬಂದಿರಬಹುದೇ ಎಂಬ ಚಿಂತೆ ಹತ್ತಿತು. ಊಟಕ್ಕೆ ಕೂತಾಗ, "ಗಿರಿಜಾ, ಆ ಸಂಪಿಗೆ ವಿಷಯ, ನಂದು ತಪ್ಪಾ..." ಎಂದು ಶುರುಮಾಡಿದೆ. "ಗೊತ್ತು. ನಂಗಿನ್ನೂ ಹೊಟ್ಟೆ ಉರೀತದೆ. ಹಪ್ಪಳ ಹಾಕು" ಎಂದಳು. ಮೂರು ಹಪ್ಪಳ ತಿಂದಳು.

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: "ಇನ್ನೊಂದು ಇಪ್ಪತ್ತು ದಿನ ಬಿಟ್ಟು ಕೊಯ್ಯಿ. ಬೇಳೆ ಹಾಕಿ ಹುಳಿ ಮಾಡೋಣ. ಹರಿವೆ ಹುಳಿ ತಿಂದು ಬಹಳ ದಿನ ಆಯ್ತು!"

ಬಸ್ಸು ತಿರುವು ದಾಟುವವರೆಗೆ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದೆ. ಆಮೇಲೆ ಚಿಂತೆ ಬಂತು: ಒಂದು ಗಿಡ, ಎರಡು ಹೊಟ್ಟೆ. ಹುಳಿಗೆ ಎಲ್ಲಿ ಸಾಲುತ್ತದೆ? ಮನೆಗೆ ಬಂದವಳೇ ಹಿತ್ತಿಲಲ್ಲಿ ಒಂದು ಹಿಡಿ ಹರಿವೆ ಬೀಜ ಚೆಲ್ಲಿದೆ. ಯಾವ ಉಪಚಾರವನ್ನೂ ಬೇಡದೆ ನಾಲ್ಕನೇ ದಿನಕ್ಕೆ ಅಷ್ಟೂ ಎದ್ದು ನಿಂತವು. ಈಗ ಬೆರಳುದ್ದವಾಗಿವೆ. ಅವಳು ಬರಲು ಇನ್ನೂ ಎಂಟು ದಿನವಿದೆ, ಅಷ್ಟರಲ್ಲಿ ದಂಟು ಬಲಿತುಬಿಟ್ಟರೆ ಏನು ಗತಿ? ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ, ಇಷ್ಟು ಅವಸರ ಬೇಡಿರಪ್ಪಾ, ಸ್ವಲ್ಪ ನಿಧಾನ ಎಂದು ಹೇಳಿ ಬರುತ್ತಿದ್ದೇನೆ.