ಶಾವಿಗೆ ಮಷಿನ್ನಿನಲ್ಲಿ ಕಿಡ್ನಿ

ನನ್ನ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಪೂರ್ತಿ ಹುಚ್ಚಲ್ಲ, ಅರ್ಧ! ಉಳಿದರ್ಧ ಯಾವಾಗಲೂ ಸರಿಯಾಗಿಯೇ ಇರುತ್ತದೆ. ತೊಂದರೆ ಏನೆಂದರೆ, ಯಾವ ಅರ್ಧ ಯಾವುದು ಎಂಬುದು ನಮಗೆ ಎಲ್ಲ ಮುಗಿದ ಮೇಲೆಯೇ ಗೊತ್ತಾಗುವುದು.

ಆಳಂದದ ಪೇಟೆಯಲ್ಲಿ ಮಾಮಾನದು ಶಾವಿಗೆ ಮಷಿನ್ನು. ಬೇಸಿಗೆಯಲ್ಲಿ ಹೆಂಗಸರು ಹಿಟ್ಟಿನ ಡಬ್ಬಿ ಹಿಡಿದು ಸಾಲುಗಟ್ಟುತ್ತಾರೆ. ಉಳಿದ ತಿಂಗಳು ಮಷಿನ್ನಿಗೆ ಬಿಡುವು, ಮಾಮಾನ ತಲೆಗೆ ಮಾತ್ರ ಇಲ್ಲ. ಒಮ್ಮೆ ಹಳೆಯ ಫ್ಯಾನಿನ ಮೋಟರ್ ಹಚ್ಚಿ ಜೋಳದ ರೊಟ್ಟಿ ಬಡಿಯುವ ಯಂತ್ರ ಮಾಡಿದ. ಗುಂಡಿ ಒತ್ತಿದ್ದೇ ತಡ, ರೊಟ್ಟಿ ಹಾರಿ ಆಚೆಮನೆಯ ಗೋಡೆಗೆ ಅಂಟಿತು! ಎರಡು ದಿನ ಬಿಟ್ಟು ಆ ಮನೆಯಾಕೆ ಅದನ್ನು ಕಿತ್ತು ತಂದು, "ಅಣ್ಣಾರ, ನಿಮ್ಮ ಕಟಕ ರೊಟ್ಟಿ ಒಣಗ್ಯಾದ, ತಗೋರಿ" ಅಂದಳು. ಮಾಮಾ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಚ್ಚಿಕೊಂಡು ತಿಂದ. ಪ್ರಯೋಗ ಸೋತಿಲ್ಲ ಎಂದು ಇವತ್ತಿಗೂ ವಾದಿಸುತ್ತಾನೆ.

ಇಂಥವನ ಹೆಂಡತಿಯ, ಅಂದರೆ ನನ್ನ ಅತ್ತೆಯ, ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಕಲಬುರಗಿಗೆ ಹೋಗಿ ಡಯಾಲಿಸಿಸ್. ಅಲ್ಲಿ ನಾಲ್ಕು ತಾಸು ಮಾಮಾ ಪಕ್ಕದಲ್ಲಿ ಕುಳಿತು ಮೊಬೈಲ್ ತಿಕ್ಕುತ್ತಿದ್ದ. ಒಂದು ದಿನ ಅತ್ತೆಗೆ ಒಂದು ವಿಡಿಯೋ ತೋರಿಸಿ ಇಡೀ ವಾರ್ಡಿಗೆ ಕೇಳುವಂತೆ ಕೂಗಿದ:

"ನೋಡ್ ಬೇ! ಇದು ನಮ್ಮ ಶಾವಿಗಿ ಮಷಿನ್ ಅಲ್ಲೇನು?"

ಎಲ್ಲೋ ಒಂದು ಪ್ರಯೋಗಾಲಯದ ಯಂತ್ರ. ಸಣ್ಣ ಮೂತಿಯಿಂದ ಅಂಟಿನಂಥ ಎಳೆ ಬಿಡುತ್ತ, ಎಳೆಯ ಮೇಲೆ ಎಳೆ ಇಟ್ಟು, ಮನುಷ್ಯನ ಅಂಗದ ತುಣುಕೊಂದನ್ನು ಕಟ್ಟುತ್ತಿತ್ತು. ಬಯೋಪ್ರಿಂಟಿಂಗ್ ಅಂತೆ! ಮುಂದಿನ ಸಲ ಮಾಮಾ ಶಾವಿಗೆಯ ಹಿತ್ತಾಳೆ ಅಚ್ಚನ್ನು ಟವಲ್ಲಿನಲ್ಲಿ ಸುತ್ತಿಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟ.

"ಈ ತೂತು ಸಾಕಾಗ್ತಾವೇನ್ರಿ? ಇನ್ನಾ ಸಣ್ಣವ್ ಬೇಕಂದ್ರೂ ಕೊರೀತೇನಿ."

ಪುಣ್ಯಾತ್ಗಿತ್ತಿ ಡಾಕ್ಟರಮ್ಮ ಬೈಯಲಿಲ್ಲ. ನಕ್ಕು, ಕೂರಿಸಿ, ತಿಳಿಸಿ ಹೇಳಿದಳು. ರೋಗಿಯದೇ ಜೀವಕೋಶ ತೆಗೆದು, ಬೆಳೆಸಿ, ಪದರ ಪದರವಾಗಿ ಇಡುತ್ತಾರೆ.

"ಅಂದ್ರ ಹೆಪ್ಪು!" ಎಂದ ಮಾಮಾ. "ಚಮಚಾ ಮೊಸರು ಹಾಕಿದ್ರ ಗಡಿಗಿ ತುಂಬ ಮೊಸರು."

"ಹಂಗೇ ಅನ್ರಿ. ಆದ್ರ ಕಿಡ್ನಿ ಒಳಗ ಕೂದಲಕ್ಕಿಂತ ಸಣ್ಣ ರಕ್ತನಾಳ ಇರ್ತಾವ. ಅವನ್ನ ಮಾಡೂದು ಇನ್ನಾ ಬಗೀಹರಿದಿಲ್ಲ. ಪೇಶಂಟಿಗೆ ಹಾಕೂವಂಥ ಕಿಡ್ನಿ ಯಾವಾಗ ಬರ್ತದೋ ಹೇಳಾಕ ಆಗೂದಿಲ್ರಿ."

ಮಾಮಾ ಮನೆಗೆ ಬಂದು ಸಾರಿದ್ದೇ ಬೇರೆ: "ಶಾವಿಗಿ ಒತ್ತೂದು ಆಗ್ಯಾದ, ಒಣಗೂದಷ್ಟೇ ಬಾಕಿ!"

ಅಷ್ಟಕ್ಕೇ ಬಿಟ್ಟನೇ? ಗೋಧಿ ಹಿಟ್ಟು ನಾದಿ, ಎಳೆ ಎಳೆಯಾಗಿ ಸುತ್ತಿ, ಮಾದರಿ ಕಿಡ್ನಿಯೊಂದನ್ನು ಕಟ್ಟಿ ಮಾಳಿಗೆಯ ಮೇಲೆ ಹಗ್ಗದ ಹೊರಸಿನ ಮಂಚದಲ್ಲಿ ಒಣಗಲು ಇಟ್ಟ. ಅರ್ಧ ತಾಸಿನಲ್ಲಿ ಅದು ನಡುವೆ ಕುಸಿಯಿತು. ಉಳಿದದ್ದನ್ನು ಕಾಗೆ ಒಯ್ದಿತು! "ಮೊದಲನೇ ಕಸಿ ಕಾಗಿಗಿ ಆತು" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುದ್ದಿ ಜೇವರ್ಗಿ ಕಡೆಗೂ ಹಬ್ಬಿತು. ಅಲ್ಲಿಯ ಇಜೇರಿ ಊರಿಂದ ಬಂದ ಬೀಗರೊಬ್ಬರು ತಮಗೆ ಎರಡು ಮೊಣಕಾಲು ಬೇಕೆಂದು ಈಗಲೇ ಹೇಳಿಟ್ಟು ಹೋದರು. ಅತ್ತೆ ಅಂದಳು: "ಮೊದಲ ಇವರಿಗೆ ಒಂದು ತಲಿ ಮಾಡಸ್ರಿ, ಆಮ್ಯಾಲೆ ನಿಮ್ಮ ಮೊಣಕಾಲ."

ನಗುನಗುತ್ತಲೇ ಅತ್ತೆ ಸೊರಗುತ್ತಿದ್ದಳು. ಡಾಕ್ಟರಮ್ಮ ಕೊನೆಗೆ, ಯಾರಾದರೂ ಹತ್ತಿರದವರು ಒಂದು ಕಿಡ್ನಿ ಕೊಡಬೇಕು, ತಡ ಮಾಡಬೇಡಿ ಎಂದಳು. ಮಾಮಾ ಅವತ್ತೇ ಪರೀಕ್ಷೆ ಮಾಡಿಸಿಕೊಂಡ. ಹೊಂದಿಯೂಬಿಟ್ಟಿತು! ಆದರೆ ಅತ್ತೆ ಸುತಾರಾಂ ಒಪ್ಪಲಿಲ್ಲ.

"ನಿಮ್ಮನ್ನ ಕೊಯ್ಸಿ ನಾ ಬದುಕಬೇಕೇನು? ಬ್ಯಾಡ. ನೀವೇ ಹೇಳೀರಲ್ಲ, ಮಷಿನ್ದು ಬರ್ತದಂತ. ಬರೂತನಕ ಕಾಯ್ತೇನಿ."

ನೋಡಿ, ತಾನೇ ಹೆಣೆದ ಬಲೆಗೆ ತಾನೇ ಬೀಳುವುದೆಂದರೆ ಇದು! ಅಷ್ಟು ದಿನ ಬಾಯಿ ಬಡಿದುಕೊಂಡವನು ಈಗ ಮಷಿನ್ನು ಇನ್ನೂ ದೂರ ಎಂದರೆ ಯಾರು ನಂಬುತ್ತಾರೆ? ಜೀವನದಲ್ಲಿ ಮೊದಲ ಸಲ ಮಾಮಾ ಮೊಬೈಲ್ ಆರಿಸಿ ಮೂಲೆಗಿಟ್ಟದ್ದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ಎಂಟು ದಿನದ ಮೇಲೆ ಅವನು ಅಫಜಲಪುರದಲ್ಲಿರುವ ನನ್ನ ಅವ್ವನಿಗೆ, ಅಂದರೆ ತನ್ನ ಅಕ್ಕನಿಗೆ, ಫೋನ್ ಮಾಡಿದ. ಏನೋ ಪಿಸುಪಿಸು. ಅವ್ವ ಅತ್ತೆಯನ್ನು ಊಟಕ್ಕೆ ಕರೆದಳು. ಗಂಡ ಹೆಂಡತಿ ಇಬ್ಬರೂ ಬಂದರು, ಉಂಡರು. ಹೊರಡುವಾಗ ಪದ್ಧತಿಯಂತೆ ಅವ್ವ ಉಡಿ ತುಂಬಿದಳು. ಅತ್ತೆ ಸೆರಗೊಡ್ಡಿ ಕುಳಿತಳು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ರವಿಕೆಯ ಖಣ ಬಿತ್ತು, ಎಲೆ ಅಡಿಕೆ ಬಿತ್ತು. ಕೊನೆಗೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ, ಮಡಿಸಿದ ಒಂದು ಕಾಗದ ಬಿತ್ತು.

"ಇದೇನ್ರಿ ಅಕ್ಕಾ?"

ಬಿಚ್ಚಿ ನೋಡಿದಳು. ಮಾಮಾನ ಕಿಡ್ನಿ ಹೊಂದುತ್ತದೆ ಎಂಬ ಆಸ್ಪತ್ರೆಯ ರಿಪೋರ್ಟು!

ಅವ್ವ ಗಂಭೀರವಾಗಿ ಅಂದಳು: "ಉಡ್ಯಾಗ ಬಿದ್ದದ್ದು ಒಲ್ಲೆ ಅನ್ನಬಾರದು. ಮುತ್ತೈದಿ ನೀ, ನಿನಗ ನಾ ಹೇಳಬೇಕೇನು?"

ಅತ್ತೆ ಸೆರಗು ಹಿಡಿದುಕೊಂಡೇ ಅಳತೊಡಗಿದಳು. "ಇದು ಮೋಸ, ಅಕ್ಕಾ. ಇದು ಮೋಸ."

ಬಾಗಿಲಲ್ಲಿ ನಿಂತಿದ್ದ ಮಾಮಾ ಟವಲ್ ತಿರುಚುತ್ತ, "ಅಳಬ್ಯಾಡ ಬೇ. ಹೆಪ್ಪು ಅಂತ ತಿಳ್ಕೊ. ಮಷಿನ್ದು ಬಂದ ದಿನ ನಂದು ನನಗ ವಾಪಸ್ ಕೊಡು" ಎಂದ. ಅತ್ತೆ ಅಳುತ್ತಲೇ ಕಾಗದವನ್ನೂ ಸೇರಿಸಿ ಸೆರಗಿನ ಗಂಟು ಕಟ್ಟಿಕೊಂಡಳು.

ಕಸಿಯಾಗಿ ವರ್ಷವಾಯಿತು. ಇಬ್ಬರೂ ಚೆನ್ನಾಗಿದ್ದಾರೆ. ಭಾರ ಎತ್ತಬೇಡ ಎಂದರೂ ಕೇಳದೆ ಮಾಮಾ ಮತ್ತೆ ಶಾವಿಗೆ ಒತ್ತುತ್ತಾನೆ, ಮತ್ತೆ ವಿಡಿಯೋ ನೋಡುತ್ತಾನೆ. ಮೊನ್ನೆ ನಾನು ಹೋಗಿದ್ದಾಗಲೂ ಎಲ್ಲೋ ಇಷ್ಟೇ ಇಷ್ಟು ರಕ್ತನಾಳ ಮಾಡಿದರಂತೆ ಎಂದು ಕುಣಿಯುತ್ತ ಬಂದ.

"ಬಂತು ನೋಡ್ ಬೇ! ಇನ್ನೇನ್ ನಿನ್ನ ಮಷಿನ್ದು ಬರ್ತದ. ನಂದು ವಾಪಸ್ ಕೊಡಾಕ ತಯಾರಾಗು!"

ಅತ್ತೆ ಶಾವಿಗೆ ಎಳೆಗಳನ್ನು ಹೊರಸಿನ ಮೇಲೆ ಹರವುತ್ತಿದ್ದಳು. ತಲೆ ಎತ್ತಲಿಲ್ಲ. ಹಿಟ್ಟಿನ ಕೈಯನ್ನು ಮೆಲ್ಲಗೆ ಕಿಬ್ಬೊಟ್ಟೆಯ ಮೇಲೆ ಇಟ್ಟುಕೊಂಡಳು.

"ಹೆಪ್ಪು ಯಾರರೆ ವಾಪಸ್ ಕೊಡ್ತಾರೇನ್ರಿ?"