ಜಟಗನಿಗೆ ಬಾಕಿಯಿದ್ದ ಕೆಂಪು ಹುಂಜ

ಮೊಬೈಲಿನ ನಕ್ಷೆ ನನ್ನನ್ನು ಹೊಳನಗದ್ದೆಯ ಯಾವುದೋ ಗದ್ದೆ ಅಂಚಿಗೆ ತಂದು ನಿಲ್ಲಿಸಿ, ಊರು ಬಂತೆಂದು ಘೋಷಿಸಿತು. ಎದುರಿಗೆ ಒಂದು ಎಮ್ಮೆ. ಕಾರಿನ ಹಿಂದಿನ ಸೀಟಿನ ಬುಟ್ಟಿಯಲ್ಲಿ ನಾನು ಒಬ್ಬರಿಗೆ ಕೊಡಬೇಕಿದ್ದ ಕೆಂಪು ಹುಂಜ. ಭಾಷೆ ಗೊತ್ತಿಲ್ಲದ ದೇಶಗಳಲ್ಲಿ ಮೂರು ರೈಲು ಬದಲಿಸಿ ಸರಿಯಾದ ಮನೆ ಬಾಗಿಲು ತಟ್ಟಿದವಳು ನಾನು. ಆದರೆ ಕೋಳಿ ಜೊತೆಗಿತ್ತೆಂದರೆ ನನಗೆ ಹೀಗೇ ಆಗುತ್ತದೆ, ಸಣ್ಣವಳಿದ್ದಾಗಿನಿಂದಲೂ.

ಗೂಡಂಗಡಿಯವನ ಹತ್ತಿರ ಕೇಳಿದೆ, ಹಳದೀಪುರದಿಂದ ಬಂದು ಮನೆ ಕಟ್ಟಿದ ಅಕ್ಕ ಎಲ್ಲಿರುವುದು ಎಂದು.

"ಕೋಳಿ ಫಾರ್ಮ್ ಇಟ್ಟವರಾ? ಸೀದಾ ಹೋಗಿ. ವಾಸನೆ ತಡೀಲಿಕ್ಕೆ ಆಗೂದಿಲ್ಲ ಅನ್ನಿಸ್ತದಲ್ಲ, ಅಲ್ಲೇ ಎಡಕ್ಕೆ."

ಸೀದಾ ಹೋದೆ. ಯಾವ ವಾಸನೆಯೂ ಬರಲಿಲ್ಲ. ರಸ್ತೆ ಮುಗಿದು ಮರಳು ಬಂತು. ತಿರುಗಿ ಬಂದು ಮತ್ತೆ ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀವೂ ಫಾರ್ಮಿನವರಾ?"

ನಮ್ಮ ಪಾಲು

ಹೌದು, ಫಾರ್ಮಿನವಳೇ. ಹಳದೀಪುರದಲ್ಲಿ ಅಪ್ಪನದು ಉದ್ದನೆಯ ಶೆಡ್ಡು. ಕಂಪನಿಯವರು ಒಂದು ದಿನದ ಮರಿ ತಂದು ಬಿಡುತ್ತಿದ್ದರು, ನಾವು ಸಾಕಿ ದೊಡ್ಡದು ಮಾಡಿದ ಮೇಲೆ ಲಾರಿ ತಂದು ತುಂಬಿಕೊಂಡು ಹೋಗುತ್ತಿದ್ದರು. ಮರಿ ಕಂಪನಿಯದು, ಫೀಡು ಕಂಪನಿಯದು, ಔಷಧಿ ಕಂಪನಿಯದು. ವಾಸನೆ ಮಾತ್ರ ಪೂರ್ತಿ ನಮ್ಮದು.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಅಷ್ಟು ಆರಾಮದ ಪ್ರಯಾಣ ನನಗೆ ವಿಮಾನದಲ್ಲೂ ಸಿಕ್ಕಿಲ್ಲ.

ಮರ್ಯಾದೆಯ ಊಟ

ಕೋಳಿ ತೂಗಿ ನೋಡಲು ಕಂಪನಿಯ ಸೂಪರ್‌ವೈಸರ್ ಬರುತ್ತಿದ್ದ. ಊಟ ನಮ್ಮಲ್ಲೇ. ಕಣ್ಣೆದುರಿಗೆ ಮೂರು ಸಾವಿರ ಕೋಳಿಯಿದ್ದರೂ ಅದರಲ್ಲೊಂದನ್ನು ಬೇಯಿಸುವ ಯೋಚನೆ ಅಪ್ಪನಿಗೂ ಬರಲಿಲ್ಲ, ಅಮ್ಮನಿಗೂ ಬರಲಿಲ್ಲ. ಮರ್ಯಾದಸ್ಥರಿಗೆ ಊರಕೋಳಿಯೇ ಆಗಬೇಕು. ಫಾರ್ಮಿನದು ಏನಿದ್ದರೂ ದೇಶದ ಜನರಿಗೆ.

ನನಗಾಗ ಹತ್ತು ವರ್ಷ. ಪಕ್ಕದ ಮನೆಯಲ್ಲಿದ್ದ ಇದೇ ಅಕ್ಕನ ಹತ್ತಿರ ಒಂದು ಕೋಳಿ ಕೇಳಿ ತಾ ಎಂದು ಅಮ್ಮ ಕಳಿಸಿದಳು. ಅಕ್ಕ ಮೀನು ಮಾರಲು ಹೊನ್ನಾವರಕ್ಕೆ ಹೋಗಿದ್ದಳು. ಕೇಳಲು ಯಾರೂ ಇಲ್ಲದ್ದರಿಂದ ಕೇಳುವ ಭಾಗವನ್ನು ಬಿಟ್ಟು, ತರುವ ಭಾಗವನ್ನಷ್ಟೇ ಮಾಡಿದೆ. ಇದ್ದುದರಲ್ಲಿ ಚಂದದ್ದು ಒಂದು ಕೆಂಪು ಹುಂಜ. ಪಾಪ, ಅದನ್ನು ಬೇರೆಯಾಗಿ ಬುಟ್ಟಿ ಕವುಚಿ ಇಟ್ಟಿದ್ದರು.

ಬೇರೆ ಇಟ್ಟದ್ದು ಊರು ಕಾಯುವ ಜಟಗನಿಗೆ. ಅಕ್ಕನ ಗಂಡನ ಬೋಟು ಸಮುದ್ರದಲ್ಲಿ ಇಂಜಿನ್ ಕೆಟ್ಟು ಗಾಳಿಗೆ ಸಿಕ್ಕಿ, ಹೇಗೋ ದಡ ಸೇರಿತ್ತು. ಆಗ ಹೇಳಿಕೊಂಡ ಹರಕೆ ಅದು.

ಸೂಪರ್‌ವೈಸರ್ ಆ ಹರಕೆಯ ಮೂಳೆ ಚೀಪುತ್ತ ಅಪ್ಪನಿಗೆ ಹೇಳಿದ: "ನೋಡಿ, ಇದು ನಮ್ಮ ಫೀಡಿನ ರುಚಿ."

ಇದೆಂತ?

ಹರಕೆ ಒಪ್ಪಿಸುವುದು ಮರುದಿನವೇ ಇತ್ತು. ಅಪ್ಪ ತಲೆ ತಗ್ಗಿಸಿ, ಶೆಡ್ಡಿನಲ್ಲೇ ದಪ್ಪದೊಂದು ಕೋಳಿ ಆರಿಸಿ ಕೊಟ್ಟ. ಹರಕೆಯದು ಕೆಂಪಿರಬೇಕು, ನಮ್ಮದು ಬಿಳಿ. ಅಮ್ಮನ ಕುಂಕುಮದ ಭರಣಿ ಖಾಲಿ ಮಾಡಿ ಆ ಕೊರತೆಯನ್ನು ನಾನೇ ನೀಗಿಸಿದೆ.

ಜಟಗನ ಮುಂದೆ ಪೂಜಾರಿ ನೀರು ಚಿಮುಕಿಸಿದಾಗ ಕೋಳಿ ಮೈ ಕೊಡವಬೇಕು. ಕೊಡವಿದರೆ ದೇವರು ಒಪ್ಪಿದ ಹಾಗೆ. ನಮ್ಮದು ಕೂತುಬಿಟ್ಟಿತು. ನಡೆದು ಅಭ್ಯಾಸವಿಲ್ಲದ ಜೀವ. ನೀರಿಗೆ ಕುಂಕುಮ ಇಳಿದು ಅರ್ಧ ಗುಲಾಬಿಯಾಯಿತು. ಕೊಕ್ಕಿನೆದುರು ಅಕ್ಕಿ ಕಂಡದ್ದೇ, ಫೀಡು ಬಂತೆಂದುಕೊಂಡು, ಕೂತಲ್ಲಿಂದ ಏಳದೆ ಜಟಗನ ಪಾಲನ್ನೆಲ್ಲ ತಿಂದು ಮುಗಿಸಿತು.

ಪೂಜಾರಿ ಬಹಳ ಹೊತ್ತು ಕಾದ. "ಜಟಗನಿಗೆ ಹೇಳಿಕೊಂಡದ್ದು ಕೋಳಿ. ಇದೆಂತ?"

ಅಕ್ಕ ನನ್ನ ತೋಳು ಹಿಡಿದು ಜಟಗನ ಮುಂದೆ ನಿಲ್ಲಿಸಿ ಕೈ ಮುಗಿದಳು. "ಅಪ್ಪಾ, ಇನ್ನು ನಂದು ಬಾಕಿ ಇಲ್ಲ, ಈ ಹುಡುಗಿದು. ಕೆಂಪುದು ಕೊಡ್ತದೆ. ಕೊಡೂವರೆಗೆ, ಎಲ್ಲಿ ಹೋದ್ರೂ ಬಿಡಬೇಡ."

ಬಿಡಲಿಲ್ಲ

ನಾನು ಒಂದು ದೇಶಕ್ಕೆ ಹೋದರೆ ನನ್ನ ಪೆಟ್ಟಿಗೆ ಇನ್ನೊಂದಕ್ಕೆ ಹೋಯಿತು. ವೀಸಾ ತಿರಸ್ಕಾರವಾಯಿತು. ಒಂಟೆಯಿಂದ ಬಿದ್ದೆ. ಪ್ರತಿ ಸಲವೂ ಅಮ್ಮನದು ಫೋನಿನಲ್ಲಿ ಒಂದೇ ಸಾಂತ್ವನ: ಆ ಹುಂಜ ಕೊಡು.

"ಹಳದೀಪುರದ ಜಟಗನಿಗೆ ಇಸ್ತಾಂಬುಲ್‌ನಲ್ಲಿ ಎಂತ ಕೆಲಸ ಅಮ್ಮಾ?"

"ನಿಂಗೆ ಎಂತ ಕೆಲಸ?"

ಈ ವರ್ಷ, ನನಗೆ ಮೂವತ್ತೈದು ತುಂಬಿದಾಗ, ಅಕ್ಕನೇ ಹೇಳಿ ಕಳಿಸಿದಳು. ಹೃದಯದ ಆಪರೇಶನ್ ಇದೆ, ಬಾಕಿಯನ್ನು ನಿನ್ನ ತಲೆಗೆ ಕಟ್ಟಿದವಳು ತಾನು, ಆಪರೇಶನ್‌ಗೆ ಮೊದಲು ತನ್ನ ಕಣ್ಣೆದುರೇ ಮುಗಿಸು ಎಂದು. ಭಟ್ಕಳ ಸಂತೆಯಲ್ಲಿ ಹುಂಜವನ್ನು ಕೂಗಿಸಿ ನೋಡಿಯೇ ತಂದೆ. ಬಣ್ಣ ಹೋಗುತ್ತದೋ ಎಂದು ಒದ್ದೆ ಬಟ್ಟೆಯಲ್ಲಿ ಉಜ್ಜಿಯೂ ನೋಡಿದೆ.

ಎಷ್ಟು ದಿನದ್ದು

ಅಂತೂ ಮನೆ ಸಿಕ್ಕಿತು. ಬೋಟು ಮಾರಿದ ಮೇಲೆ ಅಕ್ಕನ ಮಗ ಶೆಡ್ಡು ಹಾಕಿದ್ದ. ಅಕ್ಕ ಗೇಟಿನಲ್ಲೇ ತಡೆದಳು.

"ಹುಂಜ ಇಳಿಸಬೇಡ ತಂಗಿ. ಇವತ್ತು ಊಟದ ಹೊತ್ತಿಗೆ ಸೂಪರ್‌ವೈಸರ್ ಬರ್ತಾರೆ. ಫಾರ್ಮ್ ಹತ್ರ ಊರಕೋಳಿ ಕಂಡ್ರೆ ರೋಗ ಬರ್ತದೆ ಹೇಳಿ ಮುಂದಿನ ಸಲ ಮರಿ ಕೊಡೂದಿಲ್ಲ."

ಮಗನ ಚಿಂತೆ ಬೇರೆ. ಆ ಸೂಪರ್‌ವೈಸರ್‌ಗೆ ಊಟಕ್ಕೆ ಎಂತ ಮಾಡುವುದು ಎನ್ನುತ್ತ ಅವನು ಬುಟ್ಟಿಯ ಕಡೆ ನೋಡಿದ. ನನಗೆ ಈ ನೋಟ ಗೊತ್ತು. ಅಕ್ಕನನ್ನು ಕಾರಿಗೆ ಹತ್ತಿಸಿ ಹಳದೀಪುರಕ್ಕೆ ಹೊಡೆದೆ.

ಪೂಜಾರಿ ನೀರು ಚಿಮುಕಿಸಿದ. ಹುಂಜ ಸುಮ್ಮನೆ ನಿಂತು ನನ್ನನ್ನೇ ನೋಡಿತು. ಅಕ್ಕ ಮತ್ತೆ ನನ್ನ ತೋಳು ಹಿಡಿದುಕೊಂಡಳು. ಇನ್ನೆಷ್ಟು ಒಂಟೆಯಿಂದ ಬೀಳಬೇಕೋ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಅದು ಬಾಲದವರೆಗೆ ಮೈ ಕೊಡವಿ ನಮ್ಮೆಲ್ಲರ ಮೇಲೆ ನೀರು ಸಿಡಿಸಿತು.

"ಆತು," ಅಂದ ಪೂಜಾರಿ. ಅಕ್ಕ ನನ್ನ ತೋಳು ಬಿಟ್ಟಳು.

ಹುಂಜ ಜಟಗನ ಪ್ರಸಾದವಾಗಿ ಹೊಳನಗದ್ದೆಯ ಒಲೆಯಲ್ಲಿ ಬೆಂದಿತು. ಸೂಪರ್‌ವೈಸರ್ ಸರಿಯಾಗಿ ಎಲೆ ಹಾಕುವಾಗ ಬಂದ. ಕಣ್ಣು ಮುಚ್ಚಿ ಅಗಿದು ತಲೆದೂಗಿದ.

"ನಮ್ಮ ಫೀಡಿನ ರುಚಿಯೇ ಬೇರೆ. ಎಷ್ಟು ದಿನದ ಕೋಳಿ ಇದು?"

ಅಕ್ಕ ಅವನಿಗೆ ಇನ್ನೊಂದು ಸೌಟು ಬಡಿಸಿದಳು.

"ಇಪ್ಪತ್ತೈದು ವರ್ಷದ್ದು ಸಾರ್."