ಹಿಂದಿನ ಸೀಟಿನಡಿಯ ನೂರು ಆಂಪಿಯರ್

ಮಗಳ ಸೀಟಿನ ಕೆಳಗೆ ಕರೆಂಟಿನ ವೈರು ಹೋಗಿದೆ ಎಂಬ ಚಿಂತೆ ನನಗೆ ಅಂಟಿಕೊಂಡು ಎರಡು ವಾರವಾಯಿತು. ಕಾರಿನ ಹಾಡು ಎದುರುಮನೆಗೂ ಕೇಳಬೇಕೆಂದು ನನ್ನ ಗಂಡ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸಿದ್ದಾರೆ. ಬ್ಯಾಟರಿಯಿಂದ ಅದಕ್ಕೆ ಹೋಗುವ ವೈರು ಒಂದೂವರೆ ವರ್ಷದ ಮಗುವಿನ ಕಾಲಡಿಯಲ್ಲೇ ಹಾದುಹೋಗುತ್ತದೆ. ಈ ಮಹಾಶಯರಿಗೋ ಬಲ್ಬು ಬದಲಿಸುವಾಗಲೂ ಕುರ್ಚಿ ಹಿಡಿಯಲು ನಾನು ಬೇಕು. ಆದ್ದರಿಂದ ಫ್ಯೂಸಿನ ಖಾತೆಯನ್ನು ನಾನೇ ವಹಿಸಿಕೊಂಡೆ. ಜ್ವರದ ಸಿರಪ್ಪನ್ನು ಹನಿ ತಪ್ಪದೆ ಅಳೆಯುವವಳು, ಒಂದು ಫ್ಯೂಸ್ ಆರಿಸಲಾರೆನೇ?

ಮಕ್ಕಳಿರುವಲ್ಲಿ ಡೋಸು ಯಾವಾಗಲೂ ಕಡಿಮೆ ಇರಬೇಕು ಎಂಬುದು ನನ್ನ ಶಾಸ್ತ್ರ. ಅಂಗಡಿಯಲ್ಲಿದ್ದ ಅತಿ ಚಿಕ್ಕದನ್ನು, ಐದು ಆಂಪಿಯರಿನದನ್ನು ತಂದುಕೊಟ್ಟೆ. ಗಂಡ ಅದನ್ನು ಸಿಕ್ಕಿಸಿ ಹಾಡು ಹಾಕಿದರು. ಗಾಯಕ ಬಾಯಿ ತೆರೆಯುವ ಮೊದಲೇ ಫ್ಯೂಸು ಕಣ್ಣು ಮುಚ್ಚಿತು.

"ಏನೇ ಇದು, ಆಂಪ್ಲಿಫೈಯರನ್ನ ಉಪವಾಸ ಕೆಡವಿದೀಯಾ?"

"ಸೇಫಾಗಿದೆಯಲ್ರೀ."

"ಹಾಡೇ ಬರಲ್ವಲ್ಲೇ."

"ಅದಕ್ಕಿಂತ ಸೇಫು ಇನ್ನೇನು ಬೇಕು?"

ಹತ್ತರದ್ದು ತಂದೆ, ಡ್ರಮ್ಮಿನ ಮೊದಲ ಏಟಿಗೇ ಹೋಯಿತು. ಹದಿನೈದರದ್ದು ಪಲ್ಲವಿ ಮುಗಿಯುವವರೆಗೆ ಬದುಕಿತ್ತು. ಗಂಡ ರೋಸಿಹೋಗಿ ತಾವೇ ಅಂಗಡಿಗೆ ಹೋದರು. ಮಗು ಬೆಳೆಯುತ್ತಲ್ಲ ಎಂದು ಎರಡು ಸೈಜು ದೊಡ್ಡ ಚಪ್ಪಲಿ ತರುವ ಮನುಷ್ಯ ಇವರು. ನೂರು ಆಂಪಿಯರಿನದನ್ನು ಹಿಡಿದು, ರಾಜ್ಯ ಗೆದ್ದವರಂತೆ ಬಂದರು.

"ಇನ್ನು ಹತ್ತು ವರ್ಷ ಇದು ಹೋಗಲ್ಲ ನೋಡು."

ನಿಜ, ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರು ನಿಲ್ಲಿಸಿಕೊಂಡು ಇವರು ಬೀದಿಗೆಲ್ಲ ಹಾಡು ಬಡಿಸುತ್ತಿದ್ದಾಗ, ಹಿಂದಿನ ಸೀಟಿನಡಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮಗಳನ್ನು ಕೂರಿಸಲು ಬಾಗಿದ್ದವಳು, ಅವಳನ್ನು ಎದೆಗವಚಿಕೊಂಡು ಹಿಂದೆ ಹಾರಿದೆ. ಗಂಡ ಎಂಜಿನ್ ಆರಿಸಿ, ಬಾನೆಟ್ ತೆರೆದು ಫ್ಯೂಸು ಕಿತ್ತು, ಆಮೇಲೆ ಮ್ಯಾಟ್ ಎತ್ತಿದರು. ವೈರಿನ ಕೆಂಪು ಹೊದಿಕೆ ಕರಗಿ ಮ್ಯಾಟಿಗೆ ಅಂಟಿತ್ತು.

"ಫ್ಯೂಸಿಗೇನೂ ಆಗಿಲ್ಲ ಕಣೇ," ಎಂದರು ಪುಣ್ಯಾತ್ಮರು, ಸಮಾಧಾನದಿಂದ.

ಇವರ ಅಕ್ಕ ಕಾರು ಎಲೆಕ್ಟ್ರಿಷಿಯನ್, ಸ್ವಂತ ವರ್ಕ್‌ಶಾಪಿದೆ. ಅಕ್ಕನನ್ನು ಕೇಳಿದರೆ ಮರ್ಯಾದೆ ಹೋಗುತ್ತದೆಂದು ಇವರು ಕೇಳಿರಲಿಲ್ಲ. ನನಗೆ ಗೊತ್ತಿಲ್ಲವೆಂಬುದು ಅತ್ತಿಗೆಗೆ ಗೊತ್ತಾಗುತ್ತದೆಂದು ನಾನೂ ಕೇಳಿರಲಿಲ್ಲ. ಈಗ ಫೋನ್ ಮಾಡಿಯೇಬಿಟ್ಟೆ. ತಮ್ಮನ ಪಾಲಿನ ಬೈಗುಳ ತಮ್ಮನ ಕಿವಿಗೇ ಬೀಳಲೆಂದು ಸ್ಪೀಕರಿನಲ್ಲಿಟ್ಟೆ.

"ಅತ್ತಿಗೆ, ನಿಮ್ಮ ತಮ್ಮ ನೂರರ ಫ್ಯೂಸ್ ಹಾಕಿ ವೈರ್ ಸುಟ್ಟಿದಾರೆ."

"ಅವನ ತಲೆಯಲ್ಲಿ ಏನಾದ್ರೂ ಇದೆಯಾ? ಫ್ಯೂಸ್ ಇರೋದೇ ವೈರನ್ನ ಕಾಯೋಕೆ. ವೈರ್ ಎಷ್ಟು ತಡ್ಕೊಳ್ಳುತ್ತೋ ಅದಕ್ಕಿಂತ ದೊಡ್ಡದು ಹಾಕಲೇಬಾರದು."

ಗಂಡನ ತಲೆ ತಗ್ಗಿತು. ನಾನು ಫೋನಿನ ಸದ್ದು ಇನ್ನಷ್ಟು ಏರಿಸಿದೆ.

"ಆಂಪ್ಲಿಫೈಯರ್ ಎಷ್ಟರದ್ದು?"

"ಅರವತ್ತು ಆಂಪಿಯರ್ ಅಂತ ಬರೆದಿದೆ, ಅತ್ತಿಗೆ."

"ಅದಕ್ಕೆ ಕಿರುಬೆರಳಿನಷ್ಟು ದಪ್ಪದ ವೈರಾದ್ರೂ ಬೇಕು. ನಿಮ್ಮದು?"

"ಪೆನ್ಸಿಲ್ಲಿಗಿಂತ ತೆಳ್ಳಗಿದೆ."

"ಅಂಗಡಿಯವನು ಅಂಥದ್ದು ಕೊಟ್ನಾ?"

"ಅವನು ಕೊಟ್ಟಿದ್ದು ದಪ್ಪದ್ದೇ..."

ಗಂಡ ತಲೆಯೆತ್ತಿದರು.

"ಮತ್ತೆ?" ಎಂದರು ಅತ್ತಿಗೆ.

ನಾನು ಮಗಳನ್ನು ಗಂಡನ ಕೈಗಿತ್ತು, ಸ್ಪೀಕರ್ ಆರಿಸಿ, ಒಳಗೆ ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡೆ.

"ದಪ್ಪದ್ದು ಮ್ಯಾಟಿನ ಕೆಳಗೆ ಉಬ್ಬಿ, ಮಗು ಕಾಲಿಗೆ ಒತ್ತುತ್ತೆ ಅನ್ನಿಸ್ತು. ಇವರಿಗೆ ಹೇಳದೆ ಅದನ್ನ ವಾಪಸ್ ಕೊಟ್ಟು ತೆಳ್ಳಗಿರೋದು ತಂದವಳು ನಾನೇ, ಅತ್ತಿಗೆ."